ಕುಯಾ ಮರಳದ ಇನಿಂಗ್ಸ್

'ಮುಂದಿಟ್ಟ ಹೆಜ್ಜೆಯನ್ನು ಹಿಂದೆಗೆಯಬಾರದು' ಎಂದು ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದರು. ಎಲ್ಲ ಹೆಜ್ಜೆಗಳಿಗೂ ಈ ಮಾತು ಸಲ್ಲುವುದೇ ಎಂಬ ಸಂದೇಹ ನನಗೆ ಹುಟ್ಟಿದ್ದು ದುಬೈನ ಒಂದು ಬೇಸ್‌ಬಾಲ್ ಮೈದಾನದಲ್ಲಿ.

ಆ ಶುಕ್ರವಾರ ನಮ್ಮ ಕಾರ್ಖಾನೆಯ ತಂಡಕ್ಕೆ ಸೆಮಿಫೈನಲ್. ಅಂಕ ಬರೆಯುತ್ತಿದ್ದ ನನ್ನನ್ನು, ಓದಿದವನೆಂಬ ಒಂದೇ ಕಾರಣಕ್ಕೆ, ಮ್ಯಾನೇಜರ್ ಮಾಡಿದ್ದರು. ಚೆಂಡೆಸೆಯುತ್ತಿದ್ದವರು ಫಿಲಿಪೀನ್ಸಿನ ಹಿರಿಯ ವೆಲ್ಡರ್. ಅವರನ್ನು ಎಲ್ಲರೂ 'ಕುಯಾ', ಅಂದರೆ ಅಣ್ಣ, ಎನ್ನುತ್ತಿದ್ದೆವು. ಅವರು ಕೆಲಸ ಮುಗಿಸಿ ಊರಿಗೆ ಹೊರಟಿದ್ದರಿಂದ, ಸೋತರೆ ಅದೇ ಅವರ ಕೊನೆಯ ಪಂದ್ಯ.

ನಾವು ಒಂದು ರನ್ ಮುಂದಿದ್ದೆವು. ಬಿಸಿಲಿಗೆ ಬಳಲಿದ್ದ ಕುಯಾ ದಣಿವಾರಿಸಿಕೊಂಡು ಕೊನೆಯದಾದ ಒಂಬತ್ತನೆಯ ಇನಿಂಗ್ಸಿಗೆ ಮರಳಲೆಂದು, ಎಂಟನೆಯದಕ್ಕೆ ಉಳ್ಳಾಲದ ಹಮೀದನನ್ನು ಕಳುಹಿಸಿದೆ. ಕ್ರಿಕೆಟ್ ಬಲ್ಲ ಯಾರಾದರೂ ಹಾಗೆಯೇ ಮಾಡುತ್ತಿದ್ದರು. ಒಂಬತ್ತನೆಯದಕ್ಕೆ ಕುಯಾರನ್ನು ಕರೆದಾಗ ಅಂಪೈರ್ ತಡೆದರು. ಬೇಸ್‌ಬಾಲಿನಲ್ಲಿ ಒಮ್ಮೆ ಹೊರಬಂದವನು ಆ ಪಂದ್ಯಕ್ಕೆ ಮರಳುವಂತಿಲ್ಲ.

"ಎಂತ ಮಾರಾಯ್ರೆ, ಎಂ.ಎ. ಓದಿಯೂ ಇಷ್ಟು ಗೊತ್ತಿಲ್ವಾ? ಇನ್ನು ನಾವು ಖಲಾಸ್!" ಎಂದ ಹಮೀದ್.

ಕುಯಾ ಮಾತ್ರ ಬೆಂಚಿನಿಂದಲೇ ಸನ್ನೆ ಮಾಡುತ್ತ, ಅವನಿಂದ ಒಂದೊಂದೇ ಚೆಂಡನ್ನು ಎಸೆಯಿಸಿದರು. ಗೆದ್ದೆವು. ನಾನು ಹೋಗಿ ಅವರ ಪಕ್ಕ ಕುಳಿತು ಕ್ಷಮೆ ಕೇಳಿದೆ.

"ನಿಯಮ ನನಗೆ ಗೊತ್ತಿತ್ತು, ತಮ್ಮಾ," ಎಂದರು ಅವರು ತಮ್ಮ ಮುರುಕು ಹಿಂದಿಯಲ್ಲಿ. "ಭುಜ ಆಗಲೇ ಸೋತಿತ್ತು. ಸಾಕೆಂದು ನಾನೇ ಹೇಳಲು ನಾಚಿಕೆಯಾಯಿತು. ನೀನು ಹೇಳಿದೆ, ಉಪಕಾರವಾಯಿತು."

ನನ್ನ ಅಜ್ಞಾನವನ್ನು ಉಪಕಾರವೆಂದು ಎಣಿಸಿದ ಆ ದೊಡ್ಡತನಕ್ಕೆ ಇಂದಿಗೂ ಋಣಿ. ಎದ್ದು ನಿಂತು ಎಲ್ಲರೆದುರು ಹೇಳಿದೆ: "ಫೈನಲ್ಲಿಗೆ ಕುಯಾ ಮ್ಯಾನೇಜರ್. ನಾನು ಅಂಕ ಬರೆಯುತ್ತೇನೆ."