ಗ್ರೀಸಕ್ಕನ ಗುಲಾಬಿ ಗೆರೆ

ಕಾಲೇಜಿನ ಮೈದಾನ ನೋಡಿಕೊಳ್ಳುವ ಹೆಂಗಸಿಗೆ ಹೆತ್ತವರು ಇಟ್ಟ ಚೆಂದದ ಹೆಸರೊಂದು ಇತ್ತು. ಅದು ಕಚೇರಿಯ ಹಾಜರಿ ಪುಸ್ತಕದೊಳಗೆ ಭದ್ರವಾಗಿ ಮಲಗಿತ್ತು, ಯಾರೂ ಅದನ್ನು ಎಬ್ಬಿಸಿದವರಲ್ಲ. ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ, ಕೊನೆಗೆ ಕಟ್ಟಿಕೊಂಡ ದರ್ಜಿ ಗಂಡನಿಗೂ ಆಕೆ ಗ್ರೀಸಕ್ಕ. ಹೆಂಡತಿಯನ್ನು ಅಕ್ಕ ಅನ್ನುವುದು ಯಾವ ನ್ಯಾಯ ಎಂದು ಯಾರೋ ಕೇಳಿದ್ದಕ್ಕೆ, ಬರೀ ಗ್ರೀಸ್ ಎಂದು ಕರೆದರೆ ಮರ್ಯಾದೆ ಇರುವುದಿಲ್ಲ ನೋಡಿ ಎಂದು ಆ ದರ್ಜಿ ಮಹಾಶಯ ಉತ್ತರ ಕೊಟ್ಟಿದ್ದ.

ಐವತ್ತನಾಲ್ಕರ ಗ್ರೀಸಕ್ಕನ ಬೆರಳ ಸಂದುಗಳಲ್ಲಿ ಯಾವ ಸೋಪಿಗೂ ಬಗ್ಗದ ಕಪ್ಪು ಕೂತಿತ್ತು. ಹಳೆಯ ಟ್ರಾಕ್ಟರ್ ಇದ್ದ ಕಾಲದಲ್ಲಿ ಒಂಬತ್ತು ವರ್ಷ ಅದರ ಆಯಿಲ್, ಫಿಲ್ಟರ್, ಬೆಲ್ಟು, ಬ್ಯಾಟರಿ ಎಲ್ಲ ಅವಳದೇ ಕೈ. ಅದಕ್ಕೆ ಮುದುಕ ಎಂದು ಹೆಸರು. ಮುದುಕ ಒಂದು ಸಲ ಕೆಮ್ಮಿದರೆ ಸಾಕು, ಮೈದಾನದ ಆ ತುದಿಯಲ್ಲಿ ನಿಂತು ಎಲ್ಲಿ ಏನಾಗಿದೆ ಎಂದು ಹೇಳುತ್ತಿದ್ದಳು. ಗಂಡನಿಗೆ ಎರಡು ದಿನ ಜ್ವರ ಇದ್ದದ್ದು ಮಾತ್ರ ಗೊತ್ತಾಗಲಿಲ್ಲ ಎಂಬ ದೂರು ಮನೆಯಲ್ಲಿ ಇಂದಿಗೂ ಬಾಕಿ ಇದೆ.

ಮುದುಕ ಗುಜರಿಗೆ ಹೋಗಿ ಅದರ ಜಾಗಕ್ಕೆ ಹಳದಿ ಬಣ್ಣದ ಪುಟ್ಟ ಟ್ರಾಕ್ಟರ್ ಬಂತು. ಅದಕ್ಕೆ ಪುಟ್ಟ ಎಂದೇ ಹೆಸರಾಯಿತು. ಅಗಲದಲ್ಲಿ ಮುದುಕನ ಅರ್ಧ, ಹುಲ್ಲು ಕೊಯ್ಯಲು, ರೋಲರ್ ಎಳೆಯಲು ಹೇಳಿ ಮಾಡಿಸಿದಂತಿತ್ತು. ಅದರ ಜೊತೆ ಡೀಲರ್‌ನ ಸರ್ವಿಸ್ ಒಪ್ಪಂದವೂ ಬಂತು. ಒಪ್ಪಂದದ ಬೆನ್ನಿಗೆ ಕಚೇರಿಯ ಮ್ಯಾನೇಜರ್ ಸಾಹೇಬರ ಸೂಚನೆಯೂ ಬಂದು ಶೆಡ್ಡಿನ ಗೋಡೆಗೆ ಅಂಟಿಕೊಂಡಿತು: ಒರೆಸುವುದು, ಚಕ್ರಕ್ಕೆ ಗಾಳಿ ತುಂಬುವುದು, ಗ್ರೀಸ್ ಒತ್ತುವುದು ಇಷ್ಟು ಬಿಟ್ಟು ಡೀಲರ್‌ನ ಸಿಬ್ಬಂದಿಯಲ್ಲದೆ ಬೇರೆ ಯಾರೂ ಯಂತ್ರವನ್ನು ಬಿಚ್ಚತಕ್ಕದ್ದಲ್ಲ; ಬಿಚ್ಚಿದವರಿಂದ ಕೀಲಿಯನ್ನು ಶಾಶ್ವತವಾಗಿ ಹಿಂಪಡೆಯಲಾಗುವುದು. ಕೆಳಗೆ ಗ್ರೀಸಕ್ಕನ ಸಹಿಯನ್ನೂ ಹಾಕಿಸಿಕೊಂಡಿದ್ದರು.

ಮ್ಯಾನೇಜರ್ ಕೆಟ್ಟವರೇನಲ್ಲ. ಹಿಂದೆ ಪ್ರಯೋಗಾಲಯದ ಸಹಾಯಕನೊಬ್ಬ ನನಗೆಲ್ಲ ಗೊತ್ತು ಎಂದು ಜನರೇಟರಿಗೆ ಯಾವುದೋ ಎಣ್ಣೆ ಸುರಿದು ಅದನ್ನು ಶಾಶ್ವತವಾಗಿ ಮಲಗಿಸಿದ್ದ. ಬಿಸಿ ತಾಕಿದ ಮನುಷ್ಯ ಅವರು. ಆದರೆ ಆ ಸಹಾಯಕನನ್ನೂ ತನ್ನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರಲ್ಲ ಎಂದು ಗ್ರೀಸಕ್ಕನ ಹೊಟ್ಟೆ ಉರಿಯುತ್ತಿತ್ತು. ಕೀಲಿ ಹೋದರೆ ಕೆಲಸವೇನೂ ಹೋಗುವುದಿಲ್ಲ, ಗ್ರಂಥಾಲಯದ ಪುಸ್ತಕಗಳ ಧೂಳು ಹೊಡೆಯಲು ಹಾಕುತ್ತಾರೆ ಅಷ್ಟೆ. ಅವಳಿಗೆ ಅದೇ ಭಯ. ಧೂಳು ಹೊಡೆದರೆ ಸದ್ದಿಲ್ಲ, ವಾಸನೆಯಿಲ್ಲ, ಸಂಜೆಗೆ ಇಷ್ಟು ಮಾಡಿದೆ ಎಂದು ತೋರಿಸಲು ಒಂದು ಅಂಗುಲ ಹುಲ್ಲೂ ಇಲ್ಲ.

ಎರಡು ವರ್ಷ ಕೈ ಕಟ್ಟಿ ಕೂತಳು. ಶೋರೂಮಿನ ಗಾಡಿ ಬಂದು ಪುಟ್ಟನನ್ನು ಹೊತ್ತೊಯ್ಯುವಾಗ ಗೇಟಿನವರೆಗೆ ಹಿಂದೆ ಹೋಗುವುದು, ಮರಳಿ ತಂದಾಗ ಸುತ್ತ ನಾಲ್ಕು ಸಲ ತಿರುಗಿ ನೋಡುವುದು. ಅವರು ಮಾಡುತ್ತಿದ್ದ ಕೆಲಸದಲ್ಲಿ ತಪ್ಪು ಸಿಗುತ್ತಿರಲಿಲ್ಲ. ಅದೇ ಅವಳಿಗೆ ಇನ್ನಷ್ಟು ಸಂಕಟ.

ಈ ಸಲ ಕಥೆ ಬೇರೆಯಾಯಿತು. ಮೀಟರಿನಲ್ಲಿ ಆರುನೂರು ಗಂಟೆ ತುಂಬಿ ಆಯಿಲ್ ಬದಲಾಯಿಸುವ ಹೊತ್ತು ಬಂದರೆ, ಗಾಡಿ ಬರಲು ಮೂರು ವಾರ ಆಗುತ್ತದೆ ಎಂದು ಶೋರೂಮಿನವರು ಹೇಳಿದರು. ಕಾಲೇಜುಗಳ ಕ್ರೀಡಾಕೂಟ ಎದುರಿಗಿತ್ತು, ದಿನಾ ಹುಲ್ಲು, ದಿನಾ ರೋಲರ್. ಗ್ರೀಸಕ್ಕ ಅಳತೆ ಕಡ್ಡಿ ಎಳೆದು ನೋಡಿದಳು. ಆಯಿಲ್ ಕಾಡಿಗೆಯಾಗಿತ್ತು. ಕಡ್ಡಿಯನ್ನು ಒರೆಸಿ ಒಳಗಿಟ್ಟಳು, ಮತ್ತೆ ಎಳೆದಳು, ಈ ಎರಡು ನಿಮಿಷದಲ್ಲಿ ಬೆಳ್ಳಗಾಗಿರಬಹುದೇನೋ ಎನ್ನುವ ಹಾಗೆ. ಆಗಿರಲಿಲ್ಲ.

ಫಿಲ್ಟರನ್ನು ಅದೇ ಶೋರೂಮಿನ ಕೌಂಟರಿನಲ್ಲೇ ಕೊಂಡಳು, ಯಾರಿಗೆ ಎಂದು ಕೇಳಿದರೆ ನೆಂಟರಿಗೆ ಎಂದಳು. ಆಯಿಲ್ ಕೂಡ ಕಂಪನಿಯ ಪುಸ್ತಕದಲ್ಲಿ ಬರೆದಂಥದ್ದೇ. ಬಿಗಿಮಾಡಿದ ಮೇಲೆ ಗುರುತು ಹಾಕಲು ಅವಳಿಗೆ ಬಣ್ಣ ಬೇಕಿತ್ತು. ಫಿಲ್ಟರಿನಿಂದ ಎಂಜಿನ್ನಿನ ಮೈಯವರೆಗೆ ಒಂದು ಗೆರೆ ಎಳೆಯುವುದು ಮುದುಕನ ಕಾಲದ ರೂಢಿ. ಫಿಲ್ಟರ್ ಅಲುಗಿ ಸಡಿಲವಾದರೆ ಗೆರೆ ಎರಡಾಗಿ ಜರುಗುತ್ತದೆ, ಕಣ್ಣಿಗೆ ತಕ್ಷಣ ಬೀಳುತ್ತದೆ. ಹಳೆಯ ಬಣ್ಣದ ಡಬ್ಬಿ ಒಣಗಿದ್ದರಿಂದ ಗ್ರೀಸಕ್ಕ ಬಳೆ, ರಿಬ್ಬನ್ನಿನ ಅಂಗಡಿಗೆ ಹೋಗಿ ಉಗುರುಬಣ್ಣ ಕೇಳಿದಳು. ಯಾವ ಶೇಡ್ ಬೇಕು ಎಂದು ಅಂಗಡಿಯಾಕೆ ಕೇಳಿದಳು. ಡೀಸೆಲ್‌ಗೆ ಕರಗದೇ ಇರುವುದು ಎಂದಳು ಗ್ರೀಸಕ್ಕ. ಅಂಗಡಿಯಾಕೆ ಅವಳ ಉಗುರುಗಳನ್ನು ಒಮ್ಮೆ ನೋಡಿ, ಮರುಮಾತಿಲ್ಲದೆ ದಟ್ಟ ಗುಲಾಬಿ ಸೀಸೆ ತೆಗೆದುಕೊಟ್ಟಳು.

ಭಾನುವಾರ ಮಧ್ಯಾಹ್ನ ಶೆಡ್ಡಿನ ಬಾಗಿಲು ಹಾಕಿಕೊಂಡಳು. ಎಂಜಿನ್ ಹತ್ತು ನಿಮಿಷ ಓಡಿಸಿ ಬೆಚ್ಚಗಾಗಿಸಿ, ಕೆಳಗೆ ತಟ್ಟೆಯಿಟ್ಟು ಬೋಲ್ಟು ಬಿಚ್ಚಿದಳು. ಕೊನೆಯ ಹನಿ ಬೀಳುವವರೆಗೆ ಕಾದಳು. ಈ ಕಾಯುವುದರಲ್ಲೇ ಅರ್ಧ ಕೆಲಸ ಇರುವುದು ಎಂದು ಅವಳ ನಂಬಿಕೆ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿಂದ ಆಯಿಲ್ ಸವರಿ, ಪಾನಾ ಮುಟ್ಟದೆ ಬರಿಗೈಯಲ್ಲಿ ಬಿಗಿದಳು. ಹಳೆ ಚಾಳಿಯಂತೆ ಅದರ ಮೇಲೆ ಮೀಟರಿನ ಗಂಟೆ ಬರೆದು, ಗುಲಾಬಿ ಗೆರೆ ಎಳೆದು, ಗೆರೆ ಒಣಗಲೆಂದು ಊದಿದಳು. ಎರಡು ವರ್ಷದ ಮೇಲೆ ಅವಳಿಗೆ ಹಸಿವು ಅನ್ನುವುದು ಸರಿಯಾಗಿ ಆಯಿತು.

ಮನೆಯಲ್ಲಿ ದರ್ಜಿ ಅವಳ ಸಾಮಾನಿನ ಚೀಲದಲ್ಲಿ ಸೀಸೆ ಕಂಡ. ಆ ಚೀಲವನ್ನು ಹೊಲಿದುಕೊಟ್ಟವನೂ ಅವನೇ, ಒಂದೊಂದು ಪಾನಾಕ್ಕೆ ಒಂದೊಂದು ಅರೆ. ಅಳತೆಗೆ ಸರಿಯಾಗಿ ಕೂರುವ ಆ ಚೀಲ ಇದ್ದುದರಿಂದ ಪುಟ್ಟನ ಸೀಟಿನ ಕೆಳಗಿದ್ದ ಕಂಪನಿಯ ಪೆಟ್ಟಿಗೆಯನ್ನು ಅವಳು ಒಂದು ದಿನವೂ ತೆರೆದವಳಲ್ಲ. ಗುಲಾಬಿ ಉಗುರುಬಣ್ಣ ಕಂಡ ದರ್ಜಿ ಏನೂ ಕೇಳಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಗೆ ಮೊದಲ ಸಲ ಅಲಂಕಾರದ ಆಸೆ ಹುಟ್ಟಿದೆ, ಕೇಳಿದರೆ ನಾಚಿ ಬಿಟ್ಟುಬಿಡುತ್ತಾಳೆ ಎಂದುಕೊಂಡು, ಅದೇ ಬಣ್ಣದ ತುಂಡು ಹುಡುಕಿ ಅವಳ ಖಾಕಿ ಕೋಟಿಗೆ ಹೊಸ ಜೇಬು ಹೊಲಿದ. ಬೆಳಿಗ್ಗೆ ಕೋಟು ನೋಡಿ ಗ್ರೀಸಕ್ಕ ತಬ್ಬಿಬ್ಬಾದಳು. ಹೊಲಿಗೆ ಮಾತ್ರ ಬಹಳ ಅಚ್ಚುಕಟ್ಟಾಗಿತ್ತು, ಬಿಚ್ಚು ಅನ್ನಲು ಬಾಯಿ ಬರಲಿಲ್ಲ.

ಹೇಳಿದ ದಿನಕ್ಕಿಂತ ಮೊದಲೇ ಶೋರೂಮಿನ ಗಾಡಿ ಬಂದು ಪುಟ್ಟನನ್ನು ಒಯ್ದಿತು. ಹೋಗಲಿ, ಹೇಗೂ ನನ್ನ ಆಯಿಲ್ ಚೆಲ್ಲಿ ಅವರದು ತುಂಬುತ್ತಾರೆ, ನನ್ನ ತಪ್ಪು ತೊಳೆದುಹೋಗುತ್ತದೆ ಎಂದು ಅವಳು ಸಮಾಧಾನ ಮಾಡಿಕೊಂಡಳು. ಟ್ರಾಕ್ಟರ್ ಮರಳಿ ಬಂದ ದಿನ ಅವಳು ಹಗ್ಗ, ಸುಣ್ಣ ಹಿಡಿದು ಓಟದ ಪಟ್ಟೆಗಳ ಮೇಲಿದ್ದಳು. ಸಂಜೆ ಗೇಟಿನ ಹತ್ತಿರ ಹಾದುಬಂದಾಗ, ಗೇಟು ಗಾಳಿಗೆ ಬಡಿಯದಂತೆ ವಾಚ್‌ಮನ್ ತಾತ ಅಡ್ಡ ಇಡುತ್ತಿದ್ದ ಕಲ್ಲಿನ ಜಾಗದಲ್ಲಿ ಹೊಸ ಡಬ್ಬವೊಂದು ಕಂಡಿತು. ಕಲ್ಲಿಗೆ ಬಡ್ತಿ ಸಿಕ್ಕಿದೆಯೇ ಎಂದು ತಮಾಷೆ ಮಾಡಿ ಮುಂದೆ ಹೋದಳು.

ಶೆಡ್ಡಿನಲ್ಲಿ ಪುಟ್ಟ ಥಳಥಳ ಹೊಳೆಯುತ್ತಿತ್ತು. ಸೀಟಿನ ಮೇಲೆ ಶೋರೂಮಿನ ಜಾಬ್ ಕಾರ್ಡ್: ಆಯಿಲ್, ಹೊಸದು ಹಾಕಿದೆ. ಫಿಲ್ಟರ್, ಹೊಸದು ಹಾಕಿದೆ. ವಾಲ್ವ್ ಹೊಂದಿಸಿದೆ. ಕೆಳಗೆ ಅವಳ ಸಹಿಗೆ ಜಾಗ. ಗ್ರೀಸಕ್ಕ ಬಗ್ಗಿ ನೋಡಿದಳು. ಫಿಲ್ಟರಿನಿಂದ ಎಂಜಿನ್ನಿನವರೆಗೆ ಅವಳ ಗುಲಾಬಿ ಗೆರೆ ಕೂದಲೆಳೆಯಷ್ಟೂ ಜರುಗದೆ ನೆಟ್ಟಗೆ ನಿಂತಿತ್ತು. ಅವಳದೇ ಕೈಬರಹ, ಅವಳದೇ ಫಿಲ್ಟರ್.

ಮೊದಲು ನಖಶಿಖಾಂತ ಕೋಪ ಬಂತು. ಹಾಕದ ಫಿಲ್ಟರನ್ನು ಹಾಕಿದೆ ಎಂದು ಬರೆದಿದ್ದಾರೆ, ಇದು ಹಗಲು ದರೋಡೆ. ಓಡಿಹೋಗಿ ಮ್ಯಾನೇಜರಿಗೆ ಹೇಳಬೇಕು ಎಂದು ನಾಲ್ಕು ಹೆಜ್ಜೆ ಇಟ್ಟವಳು ಗೋಡೆಯ ಸೂಚನೆಯ ಮುಂದೆ ನಿಂತುಬಿಟ್ಟಳು. ನಿಮಗೆ ಹೇಗೆ ಗೊತ್ತು ಎಂದು ಅವರು ಕೇಳುತ್ತಾರೆ. ಆ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಕೀಲಿ ಹೋಯಿತು. ಕೊಡದೆ ಕಾರ್ಡಿಗೆ ಸಹಿ ಹಾಕಿದರೆ ಕಳ್ಳತನದಲ್ಲಿ ತಾನೂ ಪಾಲುದಾರಳು.

ಎರಡು ದಿನ ಕಾರ್ಡ್ ಗುಲಾಬಿ ಜೇಬಿನಲ್ಲೇ ಉಳಿಯಿತು. ಗಂಡನಿಗೆ ಎಲ್ಲ ಹೇಳಿಕೊಂಡಳು. ಸೀಸೆ ಯಾಕೆ ಬಂತೆಂಬ ನಿಜ ಕೇಳಿ ಅವನ ಮುಖ ಒಂದು ಗಳಿಗೆ ಸಪ್ಪಗಾಯಿತು. ಸೂಜಿಗೆ ದಾರ ಪೋಣಿಸಿಕೊಳ್ಳುತ್ತಾ ಅವನು ಹೇಳಿದ:

“ಹೇಳಿದ್ರೆ ಕೀಲಿ ಹೋಗುತ್ತೆ. ಹೇಳ್ದೇ ಇದ್ರೆ ನಿಂಗೆ ನಿದ್ದೆ ಹೋಗುತ್ತೆ. ನಿಂಗೆ ನಿದ್ದೆ ಹೋದ್ರೆ ನಂಗೂ ಹೋಗುತ್ತೆ ಮಾರಾಯ್ತಿ, ರಾತ್ರಿಯೆಲ್ಲ ಹೊರಳಾಡ್ತೀಯ. ನಾಳೆನೇ ಹೇಳ್ಬಿಡು.”

ಮರುದಿನ ಅವಳು ಫಿಲ್ಟರ್ ಬದಲಾಗಿಲ್ಲ ಎಂದಷ್ಟೇ ಹೇಳಿ ಸಹಿ ಹಾಕದ ಕಾರ್ಡನ್ನು ಮ್ಯಾನೇಜರರ ಮೇಜಿನ ಮೇಲಿಟ್ಟಳು. ಅವರು ಫೋನು ಮಾಡಿದರು. ಮಧ್ಯಾಹ್ನಕ್ಕೆ ಶೋರೂಮಿನ ಹಿರಿಯ ಮೆಕ್ಯಾನಿಕ್ ಬಂದ. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ, ಮಾತು ಕಡಿಮೆಯ ಮನುಷ್ಯ. ಮೂವರೂ ಶೆಡ್ಡಿಗೆ ಹೋದರು. ಮೆಕ್ಯಾನಿಕ್ ಅವಳ ಕೋಟಿನ ಜೇಬನ್ನು ಒಮ್ಮೆ ನೋಡಿದ, ಎಂಜಿನ್ನಿನ ಗೆರೆಯನ್ನು ಒಮ್ಮೆ ನೋಡಿದ, ಮತ್ತೆ ಜೇಬನ್ನು ನೋಡಿದ. ಅವನಿಗೆ ಅರ್ಥವಾಯಿತೆಂದು ಅವಳಿಗೂ ಅರ್ಥವಾಯಿತು.

“ಫಿಲ್ಟರ್ ಹಳೇದೇ ಇದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?” ಎಂದು ಮ್ಯಾನೇಜರ್ ಅವಳನ್ನು ಕೇಳಿದರು.

ಬಂದೇ ಬಂತಲ್ಲ ಆ ಪ್ರಶ್ನೆ. “ಹಳೇದಲ್ಲ ಸಾರ್, ಹೊಸದೇ. ಅದನ್ನ ಹಾಕಿದ್ದು ನಾನು. ಆಯಿಲ್ ಕಪ್ಪಾಗಿತ್ತು, ನೋಡ್ಕೊಂಡು ಸುಮ್ನಿರಕ್ಕೆ ಆಗ್ಲಿಲ್ಲ,” ಎಂದವಳೇ ಕೊರಳಿನ ಪಟ್ಟಿಯಿಂದ ಕೀಲಿ ತೆಗೆದು ಬಾನೆಟ್ಟಿನ ಮೇಲಿಟ್ಟಳು. ಇಟ್ಟಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ತುರುಕಿದಳು.

ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ. “ಸಾರ್, ಆ ಸೀಟಿನ ಕೆಳಗಿನ ಪೆಟ್ಟಿಗೆ ಒಂದ್ಸಲ ತೆಗೀರಿ,” ಎಂದ.

ಪೆಟ್ಟಿಗೆಯಲ್ಲಿ ಡಬ್ಬಿಯನ್ನೂ ಒಡೆಯದ ಹೊಸ ಫಿಲ್ಟರ್ ಇತ್ತು. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದ ಚೀಟಿ. ಮ್ಯಾನೇಜರ್ ಗಟ್ಟಿಯಾಗಿ ಓದಿದರು: “ಅಣ್ಣಾ, ನೀವು ಯಾರೋ ಗೊತ್ತಿಲ್ಲ. ಆಯಿಲ್ ಜೇನಿನ ಬಣ್ಣದಲ್ಲಿದೆ. ಹಾಕಿ ಆರು ಗಂಟೆ ಓಡಿದ್ದನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಈ ಫಿಲ್ಟರ್ ಮುಂದಿನ ಸಲಕ್ಕೆ, ಆಯಿಲ್ ಡಬ್ಬ ಗೇಟಿನಲ್ಲಿ ಕೊಟ್ಟಿದ್ದೇನೆ. ವಾಲ್ವ್ ಮಾತ್ರ ನೀವು ಮುಟ್ಟಬೇಡಿ, ಅದಕ್ಕೆ ನಮ್ಮಲ್ಲಿಗೇ ಬನ್ನಿ. ಗೆರೆ ಬಹಳ ಚೆನ್ನಾಗಿದೆ.”

ಅಣ್ಣ ಎಂದು ಬರೆದದ್ದಕ್ಕೆ ಮೆಕ್ಯಾನಿಕ್‌ನ ಕಿವಿಗಳು ಕೆಂಪಾದವು. ಹಾಕಿದೆ ಎಂದು ಕಾರ್ಡಿನಲ್ಲಿ ಬರೆದದ್ದು ತನ್ನ ತಪ್ಪು, ಕೊಟ್ಟಿದ್ದೇನೆ ಎಂದು ಬರೆಯಬೇಕಿತ್ತು ಎಂದು ಅವನು ಒಪ್ಪಿಕೊಂಡ. ಡಬ್ಬದ ಸಮೇತ ವಾಚ್‌ಮನ್ ತಾತನನ್ನು ಕರೆಸಿದರು. ಟ್ರಾಕ್ಟರ್ ನೋಡಿಕೊಳ್ಳುವವರಿಗೆ ಕೊಡಿ ಎಂದು ಯಾರೋ ಡಬ್ಬ ಕೊಟ್ಟದ್ದು ಹೌದು, ಆದರೆ ಕೊಡುವಷ್ಟರಲ್ಲಿ ಗೇಟಿಗೆ ಅದು ಎಷ್ಟು ಒಗ್ಗಿಹೋಗಿತ್ತೆಂದರೆ ಎತ್ತಲು ಮನಸ್ಸಾಗಲಿಲ್ಲ ಎಂದು ತಾತ ವಿವರಿಸಿದ. ಅತ್ತ ಹಿಡಿತ ತಪ್ಪಿದ ಗೇಟು ಧಡಾರನೆ ಬಡಿದು ಅವನ ಮಾತಿಗೆ ಸಾಕ್ಷಿ ಹೇಳಿತು.

ಮ್ಯಾನೇಜರ್ ಕೀಲಿಯನ್ನು ಕೈಗೆ ತೆಗೆದುಕೊಂಡರು. ಗೋಡೆಯ ಸೂಚನೆಯನ್ನು ಇನ್ನೊಮ್ಮೆ ಓದಿದರು. ಗ್ರೀಸಕ್ಕನಿಗೆ ಗ್ರಂಥಾಲಯದ ಕಪಾಟುಗಳು ಸಾಲಾಗಿ ಕಣ್ಣೆದುರು ಬಂದವು.

“ಮುಂದಿನ ಆಯಿಲ್ ಕೆಲಸ ನೀವೇ ಮಾಡಿ. ಇವರು ಪಕ್ಕದಲ್ಲಿ ನಿಂತು ನೋಡ್ಲಿ,” ಎಂದರು ಕೊನೆಗೆ. “ಇವರು ಸೈ ಅಂದ್ರೆ ಕೀಲಿ ನಿಮ್ಮದೇ. ಇಲ್ಲಾಂದ್ರೆ ನನ್ನ ಹತ್ರ. ಅಲ್ಲೀವರೆಗೆ ಹುಲ್ಲು ಕೊಯ್ಯೋರು ಯಾರು, ಕೀಲಿ ತಗೊಳ್ಳಿ.”

ಹಾಗೆ, ಇನ್ನೂರು ಗಂಟೆ ಓಡಿದ ಮೇಲೆ, ಅದೇ ಶೆಡ್ಡಿನಲ್ಲಿ, ಈ ಸಲ ಬಾಗಿಲು ಹಾರು ಹೊಡೆದು, ಗ್ರೀಸಕ್ಕನ ಪರೀಕ್ಷೆ ನಡೆಯಿತು. ಮೆಕ್ಯಾನಿಕ್ ಕೈ ಹಿಂದೆ ಕಟ್ಟಿ ನಿಂತಿದ್ದ. ಸುಮ್ಮನೆ ನಿಂತು ನೋಡುವ ಸಂಕಟ ಎಂಥದ್ದೆಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು, ಅವಳಿಗೆ ಪಾಪ ಅನ್ನಿಸಿತು. ಅವಳು ಕೊನೆಯ ಹನಿಯವರೆಗೆ ಕಾದಳು, ರಬ್ಬರಿಗೆ ಆಯಿಲ್ ಸವರಿದಳು, ಬರಿಗೈಯಲ್ಲಿ ಬಿಗಿದಳು, ಗೆರೆ ಎಳೆದು ಊದಿದಳು. ವಾಲ್ವಿನ ಮುಚ್ಚಳಕ್ಕೆ ಬಂದಾಗ ತಾನಾಗಿ ಹಿಂದೆ ಸರಿದು ಜಾಗ ಬಿಟ್ಟಳು. ಮೆಕ್ಯಾನಿಕ್ ಮುಚ್ಚಳ ತೆಗೆದು, ತಗಡಿನ ಅಳತೆಪಟ್ಟಿ ತೂರಿಸಿ, ವಾಲ್ವಿನ ಸಂದು ನೋಡುವುದು ಹೇಗೆಂದು ತೋರಿಸಿಯೇ ತನ್ನ ಕೆಲಸ ಮುಗಿಸಿದ. ಆಮೇಲೆ ಸಂಕೋಚದಿಂದ ಉಗುರುಬಣ್ಣ ಕೇಳಿ ಪಡೆದು ಮುಚ್ಚಳದ ಬೋಲ್ಟಿಗೂ ಒಂದು ಗೆರೆ ಎಳೆದ.

ಕಾರ್ಡಿನಲ್ಲಿ ಆಯಿಲ್, ಫಿಲ್ಟರ್ ಎಂದಿದ್ದ ಸಾಲಿನ ಎದುರು, ಕೆಲಸ ಮಾಡಿದವರ ಹೆಸರು ಎಂಬಲ್ಲಿ ಜಾಗ ಖಾಲಿ ಬಿಟ್ಟು, ಮೆಕ್ಯಾನಿಕ್ ಪೆನ್ನನ್ನು ಅವಳ ಕಡೆ ಚಾಚಿದ. “ನೀವೇ ಬರೀರಿ ಅಕ್ಕ. ನಿಮ್ಮ ಕೆಲಸ.”

ಗ್ರೀಸಕ್ಕ ಕೈ ಒರೆಸಿಕೊಂಡಳು. ಒಂದು ಗಳಿಗೆ ಯೋಚಿಸಿ, ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಕಚೇರಿಯಲ್ಲಿ ಮ್ಯಾನೇಜರ್ ಕಾರ್ಡ್ ಓದಿ ಹುಬ್ಬು ಗಂಟಿಕ್ಕಿದರು.

“ಕೆಲಸವೇನೋ ಸೈ ಅಂತ ಬರ್ದಿದ್ದಾರೆ. ಆದ್ರೆ ಇದ್ಯಾರು? ಈ ಹೆಸರಿನವರು ನಮ್ಮಲ್ಲಿ ಯಾರಿದ್ದಾರೆ?”

“ನಾನೇ ಸಾರ್,” ಎಂದಳು.