ಪಿಚ್ಚಿನ ಮೇಲೆ ನೌಕಾವಿಹಾರ

ಆ ಭಾನುವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲವೂ ಕೆಡಲು ಶುರುವಾಯಿತು. ಇಷ್ಟು ಕರಾರುವಾಕ್ಕಾಗಿ ಹೇಳುತ್ತಿದ್ದಾನಲ್ಲ, ಭಾರೀ ಸಮಯಪ್ರಜ್ಞೆಯ ಮನುಷ್ಯನಿರಬೇಕು ಎಂದು ದಯವಿಟ್ಟು ಭಾವಿಸಬೇಡಿ. ನಾನು ನನ್ನ ಮದುವೆಯ ಮುಹೂರ್ತಕ್ಕೇ ತಡವಾಗಿ ಹೋದವನು. ಹೊತ್ತನ್ನು ನೆನಪಿಟ್ಟುಕೊಂಡದ್ದು ನನ್ನ ಫೋನು. ಈಗಿನ ಫೋನುಗಳಿಗೆ ಒಂದು ಕೆಟ್ಟ ಚಾಳಿಯಿದೆ. ನೀವು ಕೇಳಲಿ ಬಿಡಲಿ, ತೆಗೆದ ಪ್ರತಿಯೊಂದು ಚಿತ್ರದ ಬೆನ್ನಿಗೂ ದಿನ, ಗಂಟೆ, ನಿಮಿಷಗಳನ್ನು ಅಂಟಿಸಿಬಿಡುತ್ತವೆ. ಹಳೆಯ ಆಲ್ಬಮ್ಮುಗಳಿಗೆ ಈ ಕ್ರೌರ್ಯ ಇರಲಿಲ್ಲ. ಅವುಗಳಲ್ಲಿ ಎಲ್ಲರೂ ಯಾವುದೋ ಒಂದು ಮಬ್ಬು ಮಧ್ಯಾಹ್ನದಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸುಖವಾಗಿ ನಿಂತಿರುತ್ತಿದ್ದರು. ನನ್ನ ಫೋನಿನ ಆ ಚಿತ್ರದಲ್ಲಿ ನನ್ನ ಗೆಳೆಯ ಮಂಜ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿ, ತೆಪ್ಪದ ಅಂಚಿನಾಚೆಗೆ ಒಂದು ಕಾಲು ಹಾಕಿ, ಹಲ್ಲು ಬಿಟ್ಟು ನಗುತ್ತಿದ್ದಾನೆ. ಅದರ ಮುಂದಿನ ಚಿತ್ರದಲ್ಲಿ ಬರೀ ನೀರಿದೆ.

ನಾವು ಮೂವರು ತೂಬಗೆರೆ ಕಡೆಯವರು, ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೇರೆ ಬೇರೆ ಪಾಠ ಕಲಿತವರು. ಮಂಜ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುತ್ತಾನೆ. ರಮೇಶ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸು ಕಟ್ಟಿ ಗುಲಾಬಿ ಬೆಳೆಯುತ್ತಾನೆ. ಅವನಿಗಿಂತ ಮೊದಲು ಅವನ ಹೂಗಳೇ ವಿಮಾನ ಹತ್ತಿದವು. ನಾನು ದೊಡ್ಡಬಳ್ಳಾಪುರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ. ಉಪನ್ಯಾಸಕ ಎಂಬ ಘನವಾದ ಪದ ನನಗಿದ್ದರೂ ಇವರಿಬ್ಬರು ಇವತ್ತಿನ ತನಕ ಕರೆಯುವುದು ‘ಮೇಷ್ಟ್ರೇ’ ಎಂದು, ಅದೂ ಏಕವಚನದಲ್ಲಿ.

ನಮ್ಮ ತಲೆಮಾರಿಗೆ ಕೆರೆ ಎಂದರೆ ನೀರಲ್ಲ, ನೆಲ. ನಾವು ಕಣ್ಣು ಬಿಡುವ ಹೊತ್ತಿಗೆ ಊರ ಕೆರೆ ಒಣಗಿ, ಬಿರಿದು, ಗಟ್ಟಿಯಾಗಿ, ಕ್ರಿಕೆಟ್ಟಿಗೆ ಹೇಳಿ ಮಾಡಿಸಿದ ಮೈದಾನವಾಗಿತ್ತು. ಕಾಲೇಜು ಮುಗಿಯುವ ತನಕ ಪ್ರತಿ ಭಾನುವಾರ ಅಲ್ಲಿ ಆಡಿದ್ದೇವೆ. ‘ಆಡಿದ್ದೇವೆ’ ಎಂಬಲ್ಲಿ ನನ್ನನ್ನು ಸೇರಿಸಿಕೊಂಡದ್ದು ಆತ್ಮಪ್ರಶಂಸೆ. ಬ್ಯಾಟು ಕೊಟ್ಟರೆ ಬೌಲ್ಡು, ಬಾಲು ಕೊಟ್ಟರೆ ವೈಡು ಎಂಬ ಸ್ಥಿತಿಯಲ್ಲಿದ್ದ ನನ್ನನ್ನು ಸರ್ವಾನುಮತದಿಂದ ಕಾಯಂ ಅಂಪೈರ್ ಮಾಡಲಾಗಿತ್ತು. ತೂಬಿನ ಕಲ್ಲುಗಂಬಕ್ಕೂ ಎದುರು ದಡದ ಹೊಂಗೆಮರಕ್ಕೂ ಒಂದು ಗೆರೆ ಎಳೆದರೆ ಅದರ ನಟ್ಟನಡುವೆ ನಮ್ಮ ಪಿಚ್ಚು. ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ಅಲ್ಲಿಗೆ ನಡೆದುಹೋಗುತ್ತಿದ್ದೆವು.

ಅಂಥ ಕೆರೆ ಆ ವರ್ಷದ ಮಳೆಗೆ ತುಂಬಿಬಿಟ್ಟಿತು. ತುಂಬಿದ್ದಷ್ಟೇ ಅಲ್ಲ, ಕೋಡಿ ಬಿತ್ತು. ಹೆಂಗಸರು ಬಾಗಿನ ಬಿಟ್ಟರು. ವಯಸ್ಸಾದವರು ಏರಿಯ ಮೇಲೆ ನಿಂತು, ಬಹಳ ದಿನದ ಮೇಲೆ ಮನೆಗೆ ಬಂದ ನೆಂಟರನ್ನು ನೋಡಿದ ಹಾಗೆ ನೀರನ್ನು ನೋಡಿದರು. ನಾವು ಮೂವರೂ ನಿಂತು ನೋಡಿದೆವು. ಆದರೆ ನಮಗೆ ಕಂಡದ್ದು ಕೆರೆಯಲ್ಲ, ಮುಳುಗಿಹೋದ ಮೈದಾನ.

ರಮೇಶ ಅದಾಗಲೇ ಹೂವಿನ ವ್ಯಾಪಾರದ ನೆವದಲ್ಲಿ ಮುಂಬೈಗೆ ಹೋಗಿಬಂದಿದ್ದ. ಅಲ್ಲಿನ ಶ್ರೀಮಂತರು ಗೆಳೆಯರನ್ನು ಕಟ್ಟಿಕೊಂಡು, ಹಾಯಿದೋಣಿಯೊಂದನ್ನು ತಮಗೇ ಅಂತ ಬಾಡಿಗೆಗೆ ಹಿಡಿದು, ಊರ ಮುಂದಿನ ಕೊಲ್ಲಿಯಲ್ಲಿ ಸೂರ್ಯ ಮುಳುಗುವ ತನಕ ತೇಲುತ್ತಾರಂತೆ. ತಾನೂ ಹಾಗೆ ತೇಲಿದ ವಿಡಿಯೋವನ್ನು ನಮಗೆ ತೋರಿಸಿ ತೋರಿಸಿ ಅವನಿಗೇ ಸಾಕಾಗಿತ್ತು. “ನಮಗೇನ್ರಲಾ ಕಮ್ಮಿ? ಅವರಿಗೆ ಸಮುದ್ರ ಆದ್ರೆ ನಮಗೆ ಕೆರೆ ಐತೆ” ಎಂದ. ಮೀನು ಹಿಡಿಯುವ ಗುತ್ತಿಗೆಯವರಲ್ಲಿ ಒಂದು ದುಂಡನೆಯ ಫೈಬರ್ ತೆಪ್ಪ ಸಿಕ್ಕಿತು. ಹಾಯಿಗೆ ಏನು ಮಾಡುವುದು ಎಂದು ನಾನು ವಿದ್ಯಾವಂತನಂತೆ ಚಿಂತಿಸುತ್ತಿರುವಾಗಲೇ ರಮೇಶ ಒಂದು ಬಿದಿರಿನ ಗಳುವಿಗೆ ಯಾವನೋ ಯುವನಾಯಕನ ಹುಟ್ಟುಹಬ್ಬದ ಫ್ಲೆಕ್ಸನ್ನು ಬಿಗಿದು ತಂದ. ಕೈ ಮುಗಿದು ನಿಂತ ಆಳೆತ್ತರದ ನಾಯಕ. ಗಾಳಿ ಬಂದಾಗಲೆಲ್ಲ ಅವರ ಹೊಟ್ಟೆ ಉಬ್ಬುತ್ತಿತ್ತು.

ಮನೆಯಿಂದ ಹೊರಡುವಾಗ ನನ್ನಾಕೆ, “ಈಜು ಬರುತ್ತೇನ್ರೀ ನಿಮಗೆ?” ಎಂದು ಕೇಳಿದಳು. ನಮ್ಮೂರ ಕೆರೆಯಲ್ಲಿ ಈಜು ಯಾಕೆ ಬೇಕು ಎಂದು ನಕ್ಕೆ. ನಮ್ಮ ಮೂವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ನೀರೇ ಇಲ್ಲದ ಕೆರೆಯ ದಡದಲ್ಲಿ ಬೆಳೆದವರು ಈಜು ಕಲಿಯುವುದೆಲ್ಲಿ?

ಶುರುವಿನಲ್ಲಿ ಬಹಳ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದು ತಪ್ಪು. ಬೇಯಿಸಿದ ಕಡಲೆಕಾಯಿ ತಿನ್ನುತ್ತ, ಸಿಪ್ಪೆಗಳನ್ನು ನೀರಿಗೆ ತೇಲಿಬಿಡುತ್ತ ಹೊರಟೆವು. ನಮ್ಮ ನೆತ್ತಿಯ ಮೇಲೆ ವಿಮಾನವೊಂದು ಚಕ್ರ ಬಿಟ್ಟುಕೊಂಡು ಇಳಿಯುತ್ತಿತ್ತು. ಅದರ ಕಿಟಕಿಯಲ್ಲಿ ಕೂತವರಿಗೆ ನಾವು ಎಷ್ಟು ಸುಖಿಗಳಾಗಿ ಕಂಡಿರಬೇಕು! ಆದರೆ ದುಂಡನೆಯ ತೆಪ್ಪಕ್ಕೆ ಹಾಯಿ ಕಟ್ಟಿದರೆ ಅದು ಮುಂದಕ್ಕೆ ಹೋಗುವುದಿಲ್ಲ, ತಿರುಗುತ್ತದೆ. ನಾಯಕರು ಎಂಟೂ ದಿಕ್ಕಿಗೂ ಕೈ ಮುಗಿದರು. ಗಾಳಿ ನಮ್ಮನ್ನು ಮೆಲ್ಲಗೆ ನಡುಗೆರೆಗೆ ಒಯ್ದಿತು. ಇದ್ದ ಒಂದೇ ಹುಟ್ಟಿನಿಂದ ರಮೇಶ ಎಷ್ಟು ಹಾಕಿದರೂ ದಡ ಹತ್ತಿರವಾಗಲಿಲ್ಲ.

ಆಗ ಮಂಜ ಎದ್ದು ನಿಂತ. ತೂಬಿನ ಕಂಬ ನೋಡಿದ, ಹೊಂಗೆಮರ ನೋಡಿದ. “ಲೇ, ಇದೇ ಕಣ್ರೋ ನಮ್ ಪಿಚ್ಚು! ಕೆರೇಲೆಲ್ಲ ಇದೇ ಎತ್ತರದ ಜಾಗ. ಮೊಣಕಾಲುದ್ದಾನೂ ಇರಲ್ಲ. ಇಳಿದು ತಳ್ಕೊಂಡ್ ಹೋಗ್ತೀನಿ” ಎಂದ. ರಮೇಶನೂ ಹೌದೆಂದ. ಇಬ್ಬರೂ ನನ್ನ ಕಡೆ ತಿರುಗಿ, “ಏನ್ ಮೇಷ್ಟ್ರೇ, ಅಂಪೈರ್ ಏನಂತಾರೆ?” ಎಂದರು. ನಾನೂ ಕಂಬ ನೋಡಿದೆ, ಮರ ನೋಡಿದೆ. ಇದೇ ಜಾಗ, ಅನುಮಾನವೇ ಇಲ್ಲ ಎಂದೆ. ಫೋನು ತೆಗೆದೆ.

ನಮ್ಮ ತೀರ್ಪು ನಿಖರವಾಗಿತ್ತು ಓದುಗರೇ. ಅದು ಪಿಚ್ಚೇ. ಆದರೆ ಪಿಚ್ಚು ಅಲ್ಲಿರಲಿಲ್ಲ. ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಮುತ್ತ ಲೇಔಟುಗಳು ಎದ್ದವಲ್ಲ, ಅವುಗಳ ತಗ್ಗು ತುಂಬಿಸಲು ಜೆಸಿಬಿಗಳು ಕೆರೆಗಿಳಿದು ಮಣ್ಣು ಬಗೆದಿದ್ದವು. ಟಿಪ್ಪರುಗಳು ಸಾಲುಗಟ್ಟಿ ಹೋಗುವುದನ್ನು ನಾವು ಮೂವರೂ ದೂಳು ಕುಡಿಯುತ್ತ ನೋಡಿದ್ದೆವು, ಬೈದೂ ಇದ್ದೆವು. ಆದರೆ ಮನಸ್ಸಿನೊಳಗಿನ ಮೈದಾನದಿಂದ ಒಂದು ಹಿಡಿ ಮಣ್ಣೂ ಕದಲಿರಲಿಲ್ಲ. ಮಂಜ ಕಾಲಿಟ್ಟದ್ದು ಆ ಮೈದಾನದ ಮೇಲೆ.

ಅವನು ಬೀಳಲಿಲ್ಲ, ಕೂಗಲಿಲ್ಲ. ಮೆಟ್ಟಿಲಿಳಿದವನ ಹಾಗೆ ಹೋಗಿಬಿಟ್ಟ. ಫೋನಿನ ಪರದೆಯಲ್ಲಿ ನೋಡುತ್ತಿದ್ದ ನನಗೆ ಅವನು ಚೌಕಟ್ಟಿನಿಂದ ಆಚೆ ಸರಿದನೆಂದೇ ಅನಿಸಿ, ಫೋನನ್ನು ಅತ್ತಿತ್ತ ಆಡಿಸಿ ಹುಡುಕಿದೆ. ಅಷ್ಟರಲ್ಲಿ ಮೇಲೆ ಬಂದ. ಬಾಯಿ ತೆರೆದಿತ್ತು. ಮತ್ತೆ ಹೋದ. ರಮೇಶ “ಮಂಜಾ!” ಎಂದು ಆ ಬದಿಗೆ ಹಾರಿದ, ತೆಪ್ಪ ಆ ಕಡೆಗೆ ವಾಲಿತು, ನಾನು ಭಯದಿಂದ ಈ ಕಡೆಯ ಅಂಚಿಗೆ ಕುಸಿದು ಕೂತೆ. ನನ್ನ ಭಯ ಮತ್ತು ನನ್ನ ತೂಕ ಎರಡೂ ಕೂಡಿ ಲೋಕಕ್ಕೆ ಉಪಯೋಗವಾದದ್ದು ಅದೊಂದೇ ಸಲ, ತೆಪ್ಪ ಮಗುಚಲಿಲ್ಲ. ರಮೇಶ ಗಳುವನ್ನು ಕಿತ್ತು ನೀರಿಗೆ ಚಾಚಿದ. ಮುಳುಗಿದ್ದವನ ಕೈ ಫ್ಲೆಕ್ಸಿಗೆ ಸಿಕ್ಕಿತು. ಅದು ಪರ್ರೆಂದು ಹರಿಯಿತು, ನಾಯಕರ ಹೆಸರು ಹೋಗಿ, ಬಿರುದುಗಳು ಹೋಗಿ, ಮುಗಿದ ಕೈಗಳ ಹತ್ತಿರ ನಿಂತಿತು. ಅಲ್ಲಿ ಹೊಲಿಗೆ ಗಟ್ಟಿಯಿತ್ತು.

ಅವನನ್ನು ಮೇಲೆತ್ತಲು ನಮ್ಮಿಬ್ಬರಿಗೆ ಆಗಲಿಲ್ಲ. ಅಂಚು ಹಿಡಿದು ನೇತಾಡುವ ಅವನ ಮಣಿಕಟ್ಟುಗಳನ್ನು ನಾನು ಹಿಡಿದುಕೊಂಡೆ, ರಮೇಶ ಹುಟ್ಟು ಹಾಕಿದ. ಹಾಯಿ ಕಳಚಿದ ತೆಪ್ಪ ಈಗ ಅವನ ಮಾತು ಕೇಳಿತು. ದಡದ ತನಕವೂ ಮಂಜ ನನ್ನ ಮುಖವನ್ನೇ ನೋಡುತ್ತಿದ್ದ. ದಡದಲ್ಲಿ ಬಹಳ ಹೊತ್ತು ನೀರು ಕಾರಿಕೊಂಡು, ಕೊನೆಗೆ ತಲೆಯೆತ್ತಿ, “ಫೋಟೋ ತೆಗ್ದ್ಯಾ?” ಎಂದು ಕೇಳಿದ. ಮೂವರೂ ನಕ್ಕೆವು. ಆ ನಗುವೇ ಆಮೇಲಿನ ತೊಂದರೆಗೆಲ್ಲ ಮೂಲವಾಯಿತು.

ಯಾಕೆಂದರೆ ಅಂದಿನಿಂದ ಅದು ನಗುವ ಕಥೆಯೇ ಆಗಿಬಿಟ್ಟಿತು. ಬಸ್‌ ಸ್ಟಾಪಿನ ಟೀ ಅಂಗಡಿಯಲ್ಲಿ ರಮೇಶ ಅದನ್ನು ಹೇಳುತ್ತಿದ್ದ, ಮಂಜ ಪಕ್ಕದಲ್ಲಿ ನಿಂತು ನಗುತ್ತಿದ್ದ. ಹೇಳಿದ ಹಾಗೆಲ್ಲ ನೀರು ಇಳಿಯಿತು. ಮೊದಲ ವಾರ ಕುತ್ತಿಗೆಯುದ್ದ ಇದ್ದದ್ದು ಆಮೇಲೆ ಎದೆಯುದ್ದವಾಯಿತು, ಸೊಂಟಕ್ಕೆ ಬಂತು. ದೀಪಾವಳಿ ಹೊತ್ತಿಗೆ ಮೊಣಕಾಲಿಗಿಳಿದು, ಮೊಣಕಾಲುದ್ದ ನೀರಿನಲ್ಲಿ ಹೆದರಿದ ಮಂಜನ ಕಥೆಯಾಯಿತು. ನಾನೊಂದು ಸಲ ಬಾಯಿ ಹಾಕಿ, ಹಾಗಲ್ಲ, ಅವನು ಮುಳುಗಿದ್ದ ಎಂದೆ. “ಬಿಡ್ರಪ್ಪಾ, ಮೇಷ್ಟ್ರು ಇನ್ನೂ ನಡುಗ್ತಾವ್ರೆ. ಒಂದ್ ಟೀ ಕೊಡಿ ಅವರಿಗೆ, ಸಕ್ಕರೆ ಜಾಸ್ತಿ ಹಾಕಿ” ಎಂದ ರಮೇಶ. ಅಂಗಡಿಗೆ ಅಂಗಡಿಯೇ ನಕ್ಕಿತು. ಮಂಜನೂ ನಕ್ಕ. ನಾನು ಟೀ ಕುಡಿದು ಬಂದೆ, ನಿಜಕ್ಕೂ ಸಕ್ಕರೆ ಜಾಸ್ತಿಯಿತ್ತು.

ಒಂಟಿತನ ಎಂದರೆ ಯಾರೂ ಇಲ್ಲದಿರುವುದು ಎಂದುಕೊಂಡಿದ್ದೆ. ಮೂವರು ಒಂದೇ ತೆಪ್ಪದಲ್ಲಿ ಕೂತು ಹೋಗಿ, ಇಬ್ಬರು ಒಂದು ಕೆರೆಯಿಂದಲೂ ಒಬ್ಬ ಇನ್ನೊಂದು ಕೆರೆಯಿಂದಲೂ ವಾಪಸಾಗುವುದು ಅದಕ್ಕಿಂತ ದೊಡ್ಡ ಒಂಟಿತನ. ಟೀ ಅಂಗಡಿಗೆ ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ಹೇಳೋಣವೆಂದರೆ, ಈಜಿನ ಪ್ರಶ್ನೆ ಕೇಳಿದವಳಿಗೆ ಯಾವ ಮುಖದಿಂದ ಹೇಳುವುದು? ಮಂಜ ಒದ್ದೆಯಾದ ಎಂದಷ್ಟೇ ಹೇಳಿದ್ದೆ. ಮಲಗಿದರೆ ಕಣ್ಣೊಳಗೆ ಆ ಎರಡು ಚಿತ್ರಗಳು ಒಂದಾದ ಮೇಲೊಂದು ಬರುತ್ತಿದ್ದವು. ಎದ್ದು ಕೂತರೆ ಇನ್ನೊಂದು ಯೋಚನೆ. ನಮ್ಮ ಮನೆಯಿರುವುದೂ ಅಂಥದೇ ಒಂದು ಲೇಔಟಿನಲ್ಲಿ. ಪಾಯ ಹಾಕುವ ಮುಂಚೆ ಸೈಟು ತಗ್ಗೆಂದು ನಾನೂ ಎಲ್ಲರಂತೆ ಕೆರೆಮಣ್ಣು ಹೊಡೆಸಿದ್ದೆ. ಮಂಜನ ಕಾಲಿಗೆ ಸಿಗದ ನೆಲ ನನ್ನ ಮಂಚದ ಕೆಳಗಿದೆ ಎಂಬುದು ಹೊಳೆದ ಮೇಲೆ, ಅರ್ಥಶಾಸ್ತ್ರದ ಯಾವ ಸಿದ್ಧಾಂತವೂ ನನಗೆ ನಿದ್ದೆ ತರಿಸಲಿಲ್ಲ.

ಹೀಗೆ ಚಳಿಗಾಲ ಬಂತು. ಒಂದು ಸಂಜೆ ದೊಡ್ಡಬಳ್ಳಾಪುರದಲ್ಲಿ ಬಸ್ಸು ತಪ್ಪಿ ನಿಂತಿದ್ದಾಗ ಮಂಜನ ಟ್ಯಾಕ್ಸಿ ಪಕ್ಕದಲ್ಲಿ ಬಂದು ನಿಂತಿತು. “ಹತ್ತೋ ಲೇ, ಖಾಲಿ ಹೋಗ್ತಿದೀನಿ.” ಹತ್ತಿದೆ. ಡೀಸೆಲ್ಲು, ದರ, ಏರ್‌ಪೋರ್ಟಿನ ಪಾರ್ಕಿಂಗು ಎಲ್ಲದರ ಬಗ್ಗೆಯೂ ಮಾತಾಡಿದ. ಊರು ಹತ್ತಿರವಾದಾಗ, ಏರಿಯ ಮೇಲೆ ನೇರ ಹೋಗುವ ದಾರಿ ಬಿಟ್ಟು ಬಲಕ್ಕೆ ತಿರುಗಿಸಿದ. ಅದು ಎರಡು ಊರು ಸುತ್ತಿಕೊಂಡು ಬರುವ ದಾರಿ.

“ಏನಪ್ಪಾ, ಏರಿ ಮೇಲೆ ಹೋಗಲ್ವಾ?”

“ಆ ರೋಡ್ ಸರಿಯಿಲ್ಲ.”

ಆ ರಸ್ತೆಗೆ ಅದೇ ತಿಂಗಳು ಹೊಸದಾಗಿ ಡಾಂಬರು ಹಾಕಿದ್ದರು. “ನಾನೂ ಬಸ್ಸಲ್ಲಿ ನೀರಿನ ಕಡೆ ಕಿಟಕಿಗೆ ಕೂರಲ್ಲ ಕಣೋ” ಎಂದೆ.

ದ್ರಾಕ್ಷಿ ತೋಟವೊಂದರ ಪಕ್ಕದಲ್ಲಿ ಕಾರು ನಿಂತಿತು. ಮಂಜ ನನ್ನ ಕಡೆ ನೋಡದೆ ಕೇಳಿದ: “ಲೇ ಮೇಷ್ಟ್ರೇ, ಒಂದ್ ನಿಜ ಹೇಳ್ತೀಯಾ? ಮೊಣಕಾಲುದ್ದ ಅಂತಾನೆ ರಮೇಶ. ಎಲ್ರೂ ನಗ್ತಾರೆ, ನಾನೂ ನಗ್ತೀನಿ. ಆದ್ರೆ ನಂಗೆ ನೆಲ ಸಿಗ್ಲೇ ಇಲ್ಲ ಕಣೋ. ಹುಡುಕಿದೆ, ಸಿಗ್ಲಿಲ್ಲ. ನಂಗೇನಾದ್ರೂ ತಲೆ ಕೆಟ್ಟಿದ್ಯಾ?”

“ಇಲ್ಲ. ನೀನು ಎರಡು ಸಲ ಮುಳುಗ್ದೆ. ಎರಡನೇ ಸಲ ಕೂದಲೂ ಕಾಣ್ಲಿಲ್ಲ.”

“ನೀನ್ ನೋಡ್ದ್ಯಾ?”

“ನೋಡ್ದೆ.”

ಅವನು ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಹಾರ್ನು ಬಡಿದುಕೊಂಡಿತು. ಇಬ್ಬರೂ ಬೆಚ್ಚಿಬಿದ್ದೆವು, ತೋಟದ ಕಾವಲಿನವನು ಯಾರದು ಎಂದು ಕೂಗಿದ. ನಾನು ನನ್ನ ಮನೆಯ ಕೆಳಗಿನ ಮಣ್ಣಿನ ವಿಷಯವನ್ನೂ ಹೇಳಿದೆ. ಅವನು ಕಣ್ಣೊರೆಸಿಕೊಳ್ಳುತ್ತ, “ಗೊತ್ತು ಬಿಡೋ. ನಮ್ಮ ಕಾರ್ ಶೆಡ್ಡಿಗೂ ಅದೇ ಮಣ್ಣು. ರಮೇಶನ ಪಾಲಿಹೌಸಿಗೂ ಅದೇ” ಎಂದು ಕಾರು ಹೊರಡಿಸಿದ. ಸುತ್ತಿನ ದಾರಿಯಲ್ಲೇ ಹೋದೆವು. ಅವತ್ತಿಗೆ ಅಷ್ಟು ಸಾಕಿತ್ತು. ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ, ತಟ್ಟೆಗೆ ಇನ್ನೊಂದು ಸಲ ಸಾರು ಬಡಿಸಿದಳು.

ಮರುದಿನ ಬೆಳಿಗ್ಗೆ ಫೋನು ಬಡಿದುಕೊಂಡಾಗ ಮುಖದ ಮೇಲೆ ಬಿಸಿಲಿತ್ತು. ಮಂಜ ಕಿರುಚುತ್ತಿದ್ದ: “ಲೇ, ನಾಲ್ಕೂವರೆ ಏರ್‌ಪೋರ್ಟ್ ಪಿಕಪ್ ಹೋಯ್ತು ಕಣೋ! ಪಾರ್ಟಿ ಬೈದು ಬೇರೆ ಗಾಡಿ ಹತ್ಕೊಂಡು ಹೋದ್ರಂತೆ. ಅಲಾರಂ ಹೊಡ್ಕೊಂಡಿದ್ದೇ ಗೊತ್ತಾಗ್ಲಿಲ್ಲ, ಎಷ್ಟ್ ತಿಂಗಳಾದ್ಮೇಲೆ ಸತ್ತೋನ್ ಥರ ಮಲಗ್ಬಿಟ್ಟಿದೀನಿ!” ಅವನ ದನಿಯಲ್ಲಿ ನಷ್ಟದ ಸಂಕಟವೇನೂ ಇರಲಿಲ್ಲ. ಅದು ಶುಕ್ರವಾರ. ಹೊದಿಕೆಯೊಳಗಿಂದಲೇ ಗಡಿಯಾರ ನೋಡಿದೆ. ನನ್ನ ಮೊದಲ ಕ್ಲಾಸು ಮುಗಿದು, ಎರಡನೆಯದೂ ಶುರುವಾಗಿಹೋಗಿತ್ತು.