ಅಕ್ಕನ ಚೀಲದೊಳಗಿನ ಗುಳಿಗೆ

ಅಕ್ಕನ ಚೀಲದಿಂದ ಆ ಗುಳಿಗೆಯ ಪಾಕೀಟನ್ನು ಕದ್ದು, ಅಣ್ಣನ ಕಣ್ಣಿಗೆ ಬೀಳುವಂತೆ ಅವನ ಮೇಜಿನ ಮೇಲೆ ಇಟ್ಟವಳು ನಾನು. ವೈನಿ ಅಲ್ಲ. ಆರು ವರ್ಷ ಇಷ್ಟನ್ನು ಹೇಳದೆ ಉಳಿದೆ — ಹೇಳದೆ ಉಳಿಯುವುದು ಎಷ್ಟು ಸುಲಭವಾಗಿತ್ತೆಂದರೆ, ಕೆಲವೊಮ್ಮೆ ನನಗೇ ಮರೆತುಹೋಗುತ್ತಿತ್ತು.

ಅಕ್ಕ ಗಂಡನನ್ನು ಕಳೆದುಕೊಂಡು ಸವಣೂರಿನ ತವರಿಗೆ ಬಂದವಳು. ಮಕ್ಕಳಿಲ್ಲ. ದಿನಾ ಬಸ್ಸಿನಲ್ಲಿ ಬಂಕಾಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮನೆಯಲ್ಲಿ ಅವ್ವ, ವಕೀಲಿ ಮಾಡುವ ಅಣ್ಣ, ಅವನ ಹೆಂಡತಿ — ನಮ್ಮ ವೈನಿ. ನನ್ನನ್ನು ಹಾನಗಲ್ಲಿಗೆ ಕೊಟ್ಟಿದ್ದರು. ಅಲ್ಲಿಯ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ. ತಿಂಗಳಿಗೊಮ್ಮೆ ತವರಿಗೆ ಬರುತ್ತಿದ್ದೆ. ಬಂದಾಗಲೆಲ್ಲ ಅಕ್ಕನನ್ನು ನೋಡುತ್ತಿದ್ದೆ — ನೋಡುತ್ತಿದ್ದೆ ಎಂದರೆ, ಕಾವಲು ಕಾಯುತ್ತಿದ್ದೆ.

ಅವಳು ಬದಲಾಗಿದ್ದಳು. ನಲವತ್ತೇಳರ ಹೆಂಗಸು, ಚಳಿಗಾಲದಲ್ಲಿ ಫ್ಯಾನು ಹಾಕಿಕೊಳ್ಳುತ್ತಾಳೆ. ಸಂಜೆ ಮತ್ತೆ ಸ್ನಾನ ಮಾಡುತ್ತಾಳೆ. ಕೂತಲ್ಲೇ ಮುಖ ಕೆಂಪಾಗುತ್ತದೆ — ಫೋನು ಬಂದಾಗ ಆಯಿತೇ, ಮೊದಲೇ ಆಗಿತ್ತೇ? ಕಾರಣವಿಲ್ಲದೆ ಅಳುತ್ತಾಳೆ. ಕೆಲಸವಿದೆ ಎಂದಷ್ಟೇ ಹೇಳಿ ಹುಬ್ಬಳ್ಳಿಗೆ ಹೋಗಿಬರುತ್ತಾಳೆ. ಆಮೇಲೆ, ಬೇಸಿಗೆ ಮುಗಿಯುವ ಹೊತ್ತಿಗೆ, ಇದ್ದಕ್ಕಿದ್ದಂತೆ ಗೆಲುವು. ಹೊಸ ಗುಲಾಬಿ ಸೀರೆ. ಅಡುಗೆಮನೆಯಲ್ಲಿ ಗುನುಗು. ಅವಳ ಶಾಲೆಯ ವಿಜ್ಞಾನದ ಮಾಸ್ತರರು, ಹೆಂಡತಿ ತೀರಿಕೊಂಡವರು, ಅವಳನ್ನು ಸ್ಕೂಟರಿನಲ್ಲಿ ಬಸ್‌ಸ್ಟ್ಯಾಂಡಿಗೆ ಬಿಡುತ್ತಾರೆಂದು ಯಾರೋ ಹೇಳಿದ್ದರು. ನನಗೆ ಅಷ್ಟು ಸಾಕಿತ್ತು.

ಪಂಚಮಿಯ ಮುನ್ನಾದಿನ, ಅಕ್ಕ ಬಚ್ಚಲಿಗೆ ಹೋದಾಗ ಅವಳ ಚೀಲ ತೆರೆದೆ. ವಾರದ ದಿನಗಳು ಅಚ್ಚಾದ ಗುಳಿಗೆಯ ಪಾಕೀಟು. ಅಂಥದ್ದನ್ನೇ ನಾನು ಮದುವೆಯಾದ ಹೊಸದರಲ್ಲಿ, ಇಷ್ಟು ಬೇಗ ಮಕ್ಕಳು ಬೇಡವೆಂದು ನುಂಗಿದ್ದೆ. ಮೇಲಿನ ಹೆಸರನ್ನು ಓದಲಿಲ್ಲ — ಪುಸ್ತಕಗಳ ನಡುವೆ ಬದುಕುವವಳು, ಎರಡು ಸಾಲು ಓದಲಿಲ್ಲ.

ಸಂಜೆ ಅಣ್ಣ ಅದನ್ನು ತಂದು ಎಲ್ಲರ ನಡುವೆ ಇಟ್ಟ.

“ಗಂಡ ಇಲ್ಲದಾಕಿಗೆ ಇದು ಯಾಕ ಬೇಕು, ಹೇಳು.”

ಅಕ್ಕ ಪಾಕೀಟನ್ನು ಕೈಗೆತ್ತಿಕೊಂಡಳು. “ನೀ ತಿಳಕೊಂಡಂಥಾದ್ದಲ್ಲ ಅಣ್ಣಾ ಇದು. ನನಗ ಮುಟ್ಟು ನಿಲ್ಲೋ ಕಾಲ. ಮೈಯೆಲ್ಲಾ ಉರೀತದ, ನಿದ್ದಿ ಬರೂದಿಲ್ಲ, ಹಲಗಿ ಮುಂದ ನಿಂತು ಲೆಕ್ಕಾ ಮರೀತೀನಿ. ಮೈಯಾಗ ಕಡಿಮಿ ಆಗೋ ಹಾರ್ಮೋನು ಇದರಾಗ ಅದ. ಡಾಕ್ಟರು ಎಲ್ಲಾ ತಪಾಸ ಮಾಡೇ ಕೊಟ್ಟಾರ.”

ಇಂಥ ಮಾತು ಗಂಡಸರ ಮುಂದೆ ಆಡುವುದೇ ಎಂದು ಅಣ್ಣ ಮುಖ ತಿರುಗಿಸಿದ. ಅವ್ವ ಅಂದಳು, “ನಮಗೂ ನಿಂತದ. ನಾವೇನು ಗುಳಿಗಿ ನುಂಗಿವೇನು?”

ಅಕ್ಕ ವೈನಿಯ ಕಡೆ ತಿರುಗಿದಳು. “ನನ್ನ ಚೀಲಕ್ಕ ಕೈ ಹಾಕೋದಕ್ಕಿಂತ ನನ್ನ ಕೇಳಬಹುದಿತ್ತಲ್ರೀ ವೈನಿ.”

“ನಾ ಅಲ್ಲ,” ಎಂದರು ವೈನಿ. ಯಾರೂ ನಂಬಲಿಲ್ಲ. ಆ ಮನೆಯಲ್ಲಿ ಹೊರಗಿನಿಂದ ಬಂದವರು ಅವರೊಬ್ಬರೇ. ನಾನು ಎದುರಿಗೇ ಕೂತು ಶೇಂಗಾ ಉಂಡಿ ಕಟ್ಟುತ್ತಿದ್ದೆ. ಕಟ್ಟುತ್ತಲೇ ಇದ್ದೆ. ಅಕ್ಕ ಹೇಳಿದ್ದನ್ನೂ ನಾನು ನಂಬಿರಲಿಲ್ಲ — ಎಷ್ಟು ಸಲೀಸಾಗಿ ಸುಳ್ಳು ಹೇಳುತ್ತಾಳಲ್ಲ ಎಂದುಕೊಂಡೆ.

ಮುಂದಿನ ವರ್ಗಾವಣೆಯಲ್ಲಿ ಅಕ್ಕ ಹಿರೇಕೆರೂರಿಗೆ ಹೋಗಿ ಬಾಡಿಗೆ ಮನೆ ಹಿಡಿದಳು. ಗುಳಿಗೆಯನ್ನು ಅಂದೇ ಬಿಟ್ಟಿದ್ದಳು. ಸವಣೂರಿಗೆ ಮತ್ತೆ ಕಾಲಿಡಲಿಲ್ಲ, ವೈನಿಯೊಡನೆ ಮಾತಿಲ್ಲ. ಅವಳ ಮನೆಗೆ ಹೋಗಿಬರುವ, ಅವಳು ನಂಬುವ ತಂಗಿ ನಾನು. ಒಮ್ಮೆ ಅವಳ ಜೊತೆಯ ಶಿಕ್ಷಕಿ ಹೇಳಿದರು — ಲೆಕ್ಕದ ಮುಂದಿನ ಹೆಜ್ಜೆ ಹೊಳೆಯದೆ ಮಕ್ಕಳೆದುರೇ ಅತ್ತುಬಿಟ್ಟಳಂತೆ. ಹತ್ತನೆಯ ತರಗತಿಯ ಗಣಿತವನ್ನು ತಾನಾಗಿಯೇ ಬಿಟ್ಟುಕೊಟ್ಟಳಂತೆ. ಗಣಿತವೆಂದರೆ ಜೀವ ಬಿಡುವವಳು. ನಾನು ಅದಕ್ಕೂ ಆ ಮಾಸ್ತರರನ್ನೇ ಕಾರಣ ಮಾಡಿಕೊಂಡೆ.

ಹೋದ ವರ್ಷ ನನ್ನ ಸರದಿ ಬಂತು. ಪುಸ್ತಕ ಕೊಡುತ್ತ ನಿಂತಿದ್ದಾಗ ಎದೆಯಿಂದ ಕಾವು ಹತ್ತಿ ಕತ್ತು, ಕಿವಿ, ತಲೆಯವರೆಗೆ — ಕುಪ್ಪಸ ತೊಯ್ದುಹೋಯಿತು. ನಿದ್ದೆ ಹೋಯಿತು. ಗಂಡನ ಕೆಮ್ಮಿಗೂ ಸಿಟ್ಟು. ಹುಬ್ಬಳ್ಳಿಯ ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಎದೆ ಪರೀಕ್ಷಿಸಿ, ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ, ರಕ್ತ ಹೆಪ್ಪುಗಟ್ಟಿತ್ತೇ ಎಂದೆಲ್ಲ ವಿಚಾರಿಸಿದರು. ಕೊನೆಗೆ, “ನಿಮ್ಮ ಅಕ್ಕಗೂ ಹಿಂಗ ಆಗಿತ್ತೇನ್ರೀ?”

“ಗೊತ್ತಿಲ್ರೀ,” ಎಂದೆ. ಅಕ್ಕ ಎಲ್ಲರ ಮುಂದೆ, ಒಂದೊಂದಾಗಿ ಹೇಳಿದ್ದಳು.

ಔಷಧಿ ಅಂಗಡಿಯವನು ಕೊಟ್ಟದ್ದು ಅದೇ ಪಾಕೀಟು. ಈ ಸಲ ಒಳಗಿನ ಕಾಗದವನ್ನೂ ಓದಿದೆ. ತಿಂಗಳೊಳಗೆ ನಿದ್ದೆ ಮರಳಿತು, ಮೈ ತಣಿಯಿತು. ಅಕ್ಕನ ಮುಖದ ಆ ಗೆಲುವು ಏನಾಗಿತ್ತೆಂದು ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ನನ್ನ ಗುಳಿಗೆಯನ್ನು ಗ್ರಂಥಾಲಯದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟೆ — ಮನೆಯಲ್ಲಿ ಯಾರಾದರೂ ನನ್ನ ಚೀಲ ತೆರೆದಾರು ಎಂದು. ಹೀಗೆ ಮತ್ತೆ ಒಂದು ವರ್ಷ. ಈ ವರ್ಷಕ್ಕೆ, ಗೊತ್ತಿರಲಿಲ್ಲ ಎನ್ನುವ ಮಾತೂ ಇಲ್ಲ.

ಕಳೆದ ತಿಂಗಳು ಹಿರೇಕೆರೂರಿಗೆ ಹೋಗಿ ಹೇಳಿದೆ. ಅಕ್ಕ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಪೆನ್ನು ಕೆಳಗಿಡದೆ ಎಲ್ಲವನ್ನೂ ಕೇಳಿದಳು.

“ವೈನಿಗೆ ಹೇಳೀಯೇನು?”

“ಇಲ್ಲ.”

“ಹಂಗಾದ್ರ ನೀ ಇನ್ನೂ ಏನೂ ಹೇಳಿಲ್ಲ.”

ಅಲ್ಲಿಂದಲೇ ಸವಣೂರಿಗೆ ಹೋದೆ. ಅವ್ವ, ಅಣ್ಣ, ವೈನಿ ಮೂವರೂ ಕೂತಿದ್ದಾಗ ಹೇಳಿದೆ. ಅಣ್ಣ ಹೆಂಡತಿಯ ಮುಖ ನೋಡಲಾರದೆ ಎದ್ದು ಹೊರಗೆ ಹೋದ. ವೈನಿ ಶಾಂತವಾಗಿಯೇ ಇದ್ದರು.

“ನೀ ಆಕಿ ಖೋಲಿಯಿಂದ ಬರೂದು ನಾ ಅವತ್ತೇ ನೋಡಿದ್ದೆ. ನೀನಾಗೇ ಹೇಳ್ತಿ ಅಂತ ಭಾಳ ದಿನಾ ಕಾಯ್ದೆ. ಆಮ್ಯಾಲ ಕಾಯೂದು ಬಿಟ್ಟೆ.”

ಮರುದಿನ ಅಕ್ಕ ವೈನಿಗೆ ಫೋನು ಮಾಡಿದ್ದಳಂತೆ. ಅಣ್ಣ ಹೇಳಿದ. ವೈನಿ ಖೋಲಿಯ ಬಾಗಿಲು ಮುಂದೆ ಮಾಡಿಕೊಂಡರಂತೆ, ಇಬ್ಬರೂ ಬಹಳ ಹೊತ್ತು ಮಾತಾಡಿದರಂತೆ. ನನ್ನ ಫೋನನ್ನು ಅಕ್ಕ ಎತ್ತುವುದಿಲ್ಲ. ಎತ್ತು ಎನ್ನುವ ಹಕ್ಕು ನನಗಿಲ್ಲ. ಅವರು ನನ್ನ ಬಗ್ಗೆ ಏನು ಆಡಿಕೊಂಡರೋ — ತಿಳಿಯಬೇಕೆಂದು ಜೀವ ಚಡಪಡಿಸುತ್ತದೆ. ವೈನಿ ಅಣ್ಣನಿಗೆ ಹೇಳಿರಬಹುದು, ಅವನನ್ನು ಕೇಳಿದರೆ ಹೇಳಿಯಾನು.

ಕೇಳುವುದಿಲ್ಲ.